ಅವ್ವ ಕೌದಿ ಕುದಿಸಿದ್ದು

…ಹಂಗಾರ ವೈರಸ್ಸಿಗೆ ಜೀವ ಐತೋ ಇಲ್ಲೋ ಅನ್ನೂದಕ್ಕ ನಿನ್ನಿ ಈ ಡೈರಿಯಾಗ ಬರದ ಮಾತು ನಿಂತಿತ್ತು. ಕಾಲೇಜಿನಾಗ ‘ನೀದರ್ ಲಿವಿಂಗ್, ನಾರ್…’ ಅಂತ, ಅಂದ್ರ ಜೀವ ಇದ್ದದ್ದೂ ಅಲ್ಲ, ಇಲ್ಲದ್ದೂ ಅಲ್ಲ ಅಂತ, ಏನೋ ಓದಿದ್ದೆ. ನನ್ನಾಕಿ ತೀರಿಹೋದಮ್ಯಾಲೆ ಬಟ್ಟಿ ನಾನೇ ಒಗೀತೀನಿ. ಇವತ್ತು ನಾನು ಜ್ವರದಾಗ ಹೊದ್ದಿದ್ದ ಚಾದರ ಒಗಿಯೂ ಸೋಡಾ ಹಾಕಿ ಕುದಿಸಿದೆ. ಆ ವಾಸನಿಗೆ ಮುಧೋಳದ ನಮ್ಮ ಅಂಗಳ ಕಣ್ಮುಂದ ಬಂತು.

ನಾನು ಸಣ್ಣಾಂವ ಇದ್ದಾಗ ನಮ್ಮ ಬ್ಯಾಟಿನಾಯಿಯ ಎರಡು ಮರಿಯೊಳಗ ಒಂದು ವೈರಸ್ ರೋಗಕ್ಕ ಸತ್ತಿತ್ತು. ಅದು ಮಲಗಿದ್ದ ಕೌದಿ ಸುಡೂನು ಅಂದ ಅಪ್ಪ.

“ಅದರಾಗ ನಮ್ಮವ್ವನ ಸೀರಿ ಹಾಕಿ ಹೊಲದೀನಿ. ಸುಡಾಂಗಿಲ್ಲ,” ಅಂದಳು ಅವ್ವ.

“ಮತ್ತ ಉಳಿದ ಮರಿನೂ ಸಾಯಲೇನು?”

“ಅದೂ ಸಾಯಾಂಗಿಲ್ಲ. ಕೌದಿ ಕುದಿಸಿದ್ರ, ರೋಗಕ್ಕ ಜೀವ ಇದ್ರ ಸಾಯ್ತೈತಿ, ಇಲ್ಲಂದ್ರ ಕೆಡ್ತೈತಿ. ನೀವು ಕಟಗಿ ತರ್ರಿ.”

ಹಂಡೇದಾಗ ಸೋಡಾ ಹಾಕಿ ಕೊತಕೊತ ಕುದಿಸಿ, ಬಿಸಿಲಿಗೆ ಹರವಿ, ಅದು ಒಣಗೂತನಕ ಮರಿನ್ನ ಉಡಿಯಾಗ ಇಟ್ಕೊಂಡು ಕುಂತಳು. ಆ ಮರಿ ಅದೇ ಕೌದಿ ಮ್ಯಾಲೆ ಮುದಿಯಾತು.

ಹೊತ್ತು ಮುಳುಗಾಕತ್ತೈತಿ, ಅಕ್ಷರ ಕಾಣವಲ್ಲವು.