ಮಗು ಅತ್ತಿದ್ದಕ್ಕೆ ಸಾಕ್ಷಿ

ಹುಟ್ಟಿದ ಮಗು ಒಂದೇ ಒಂದು ಸಲ ಅತ್ತು ಸತ್ತರೂ ಅದಕ್ಕೆ ದೊಡ್ಡವರಿಗೆ ಮಾಡುವಂತೆಯೇ ಜನಾಜಾದ ನಮಾಜು ಮಾಡಿ ಮಣ್ಣು ಕೊಡುತ್ತಾರೆ. ಅಳದೆ, ಅಲುಗದೆ, ಸತ್ತೇ ಹುಟ್ಟಿದ್ದರೆ ಹೆಸರಿಡುತ್ತಾರೆ, ಮೈ ತೊಳೆದು ಬಿಳಿ ಬಟ್ಟೆ ಸುತ್ತುತ್ತಾರೆ, ಹೂಳುತ್ತಾರೆ. ನಮಾಜು ಮಾತ್ರ ಇಲ್ಲ. ನಮ್ಮ ಕಡೆಯ ಮಸೀದಿಗಳಲ್ಲಿ ಇದೇ ರೂಢಿ. ೧೯೭೯ರ ಆಗಸ್ಟಿನ ಆ ಶುಕ್ರವಾರದವರೆಗೆ ನನಗೆ ಇದು ಗೊತ್ತಿರಲಿಲ್ಲ.

ಆಗ ನಾವು ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದೆವು. ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಆಚೆಯದರಲ್ಲಿ ಧಾರವಾಡ ಕಡೆಯ ಸಂಸಾರ, ಈಚೆಯದರಲ್ಲಿ ನಾನು, ನನ್ನ ಹೆಂಡತಿ. ಹೆರಿಗೆಗೆಂದು ಅತ್ತೆ ಬಂದಿದ್ದರು. ನಾನು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುವ ಗುಮಾಸ್ತ. ಬರೆಯುವ ಚಟ ಮನೆಗೂ ಬಂದಿತ್ತು. ಹೆಂಡತಿಗೆ ಎಷ್ಟನೇ ವಾರ, ಎಂದು ವಾಂತಿ, ಎಂದು ಮಗು ಮೊದಲು ಒದ್ದದ್ದು, ಎಲ್ಲ ದಿನಚರಿಯಲ್ಲಿತ್ತು. ಹಿಂದೆ ಎರಡು ಸಲ ಹೀಗೆ ಬರೆಯಲು ಶುರುಮಾಡಿ ಮೂರನೇ ತಿಂಗಳಿಗೇ ನಿಲ್ಲಿಸಬೇಕಾಗಿತ್ತು. ಈ ಸಲ ಎಂಟು ತುಂಬಿತ್ತು.

ನೋವು ಬೆಳಿಗ್ಗೆಯೇ ಬಂತು, ಲೆಕ್ಕಕ್ಕಿಂತ ಮುಂಚೆ. ಆಸ್ಪತ್ರೆಗೆ ಕರೆದೊಯ್ಯಲು ಆಟೋ ಹುಡುಕಿಕೊಂಡು ಬರುವಷ್ಟರಲ್ಲಿ ಅವಳು ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ಮನೆಯ ಅಕ್ಕ ಹೆಬ್ಬಾಳದ ಹಳೇ ಊರಿನಿಂದ ಸೂಲಗಿತ್ತಿಯನ್ನು ಕರೆಸಿದರು. ಹೊಲ ಮನೆ ಇದ್ದ ಗೌಡರ ಮನೆಯ ಮುದುಕಿ, ಆ ಸುತ್ತಿನ ಅರ್ಧ ಮಕ್ಕಳನ್ನು ಹಿಡಿದ ಕೈ. ನಾನು ಬಾಗಿಲಾಚೆ ಗಡಿಯಾರ ನೋಡಿಕೊಂಡು ನೋವು ಬಂದ ಹೊತ್ತು ಬರೆಯುತ್ತಿದ್ದುದನ್ನು ಕಂಡು, "ಏನಪ್ಪಾ, ಉಟ್ಟೋ ಮಗೀಗೂ ಆಜರಿ ಆಕ್ತೀಯಾ?" ಅಂದಳು. ಒಳಗೆ ನನ್ನ ಹೆಂಡತಿ ನರಳುತ್ತಲೇ ನಕ್ಕಳು. ಆ ನಗು ಕೇಳಿಸಿತು ಅಂತಲೂ ಬರೆದಿದ್ದೇನೆ.

ಮಧ್ಯಾಹ್ನ, ಜುಮ್ಮಾ ನಮಾಜಿನ ಹೊತ್ತಿಗೆ ಹೆರಿಗೆ ಆಯಿತು. ಹೆಣ್ಣು. ಹುಟ್ಟಿದ ಮಗುವಿನ ಕಿವಿಯಲ್ಲಿ ಅಜಾನ್ ಹೇಳಬೇಕೆಂದು ನಾನು ಕೈಕಾಲು ಮುಖ ತೊಳೆದು ವುಜೂ ಮಾಡಿ, ತಲೆಗೆ ಟೋಪಿ ಹಾಕಿಕೊಂಡು ನಿಂತಿದ್ದೆ. ಯಾರೂ ಕರೆಯಲಿಲ್ಲ. ಅಂಗಾಲಿಗೆ ಬಡಿಯುವ ಸದ್ದು, ಬಾಯಿಗೆ ಊದುವ ಸದ್ದು, ಅತ್ತೆ ಕಲ್ಮಾ ಹೇಳುವ ಸದ್ದು. ಆಮೇಲೆ ಮುದುಕಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಜಗುಲಿಯ ಮೇಲೆ ಕೂತಳು. ಕೊರಳಿಗೆ ಬಳ್ಳಿ ಸುತ್ತಿತ್ತು, ಬರುವಾಗಲೇ ಜೀವ ಇರಲಿಲ್ಲ ಅಂದಳು.

ಅತ್ತೆ ಮಗುವಿಗೆ ನೀರು ಹಾಕಿ ಬಿಳಿ ಬಟ್ಟೆ ಸುತ್ತಿದರು. ತಡಮಾಡುವುದು ಬೇಡ, ಸಂಜೆಯ ಒಳಗೆ ಖಬರಸ್ತಾನಕ್ಕೆ ಒಯ್ದುಬಿಡಿ, ಸತ್ತು ಹುಟ್ಟಿದ್ದಕ್ಕೆ ನಮಾಜು ಗಿಮಾಜು ಏನೂ ಇಲ್ಲ ಅಂದರು. ಚಾಪೆಯ ಮೇಲಿದ್ದವಳು ಕಣ್ಣು ಬಿಟ್ಟದ್ದು ಆಗ. ನಮ್ಮ ಮನೆಯ ಮಾತು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಅತ್ತಿತು," ಅಂದಳು. "ಒಂದು ಸಲ ಅತ್ತಿತು. ನಾನು ಕೇಳಿದೀನಿ."

ಅತ್ತೆ ಮಗಳ ಹಣೆಯ ಮೇಲೆ ಕೈಯಿಟ್ಟು, ನಿನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ ಅಂದರು. ಅವಳು ಆ ಕೈ ತೆಗೆದು ನನ್ನ ಕಡೆ ನೋಡಿದಳು.

"ಹೋದ ಎರಡನ್ನೂ ಏನೂ ಅಲ್ಲ ಅನ್ನೋ ಹಾಗೆ ಕಳಿಸಿದ್ವಿ. ರೀ, ಇದನ್ನಾದರೂ ಮನುಷ್ಯಳು ಅಂತ ಕಳಿಸಿ."

ನಾನು ಜಗುಲಿಗೆ ಬಂದು ಮುದುಕಿಯನ್ನು ಕೇಳಿದೆ. "ಅಳ್ನಿಲ್ಲ ಕಣಪ್ಪ. ಅತ್ತಿದ್ರೆ ನಂಗಿಂತ ಮುಂದಾಗಿ ಯಾರ್ ಯೋಳ್ತಿದ್ರು ನಿಂಗೆ?" ಪಕ್ಕದ ಅಕ್ಕ ಒಲೆಯ ಮುಂದೆ ನೀರು ಕಾಯಿಸುತ್ತಿದ್ದರಂತೆ, ಅವರಿಗೆ ಏನೂ ತಿಳಿಯದು. ನಾನು ಬಾಗಿಲಿಗೆ ಕಿವಿ ಕೊಟ್ಟೇ ನಿಂತಿದ್ದವನು. ಆ ಗಳಿಗೆಯಲ್ಲಿ ರಸ್ತೆಯಲ್ಲಿ ಬಸ್ಸೊಂದು ಗೇರು ಬದಲಿಸಿದ್ದು ಕೇಳಿಸಿತ್ತು. ಬೇರೇನೂ ಇಲ್ಲ.

ಸೈಕಲ್ ತುಳಿದುಕೊಂಡು ಮಸೀದಿಗೆ ಹೋದೆ. ಜುಮ್ಮಾ ಮುಗಿದು ಜನ ಚದುರಿದ್ದರು. ಇಮಾಮರು ಬೀದರ್ ಕಡೆಯವರು, ಎಲ್ಲರೂ ಹಜರತ್ ಎಂದೇ ಕರೆಯುತ್ತಿದ್ದರು. ಅವರು ಒಬ್ಬರೇ ಚಾಪೆ ಸುತ್ತುತ್ತಿದ್ದರು. ನಡೆದದ್ದನ್ನು ಹೇಳಿದೆ. ಅತ್ತೆಯ ಹಾಗೆಯೇ ಇವರೂ ತಲೆ ಅಲ್ಲಾಡಿಸುತ್ತಾರೆ ಅಂದುಕೊಂಡಿದ್ದೆ. ಅವರು ಚಾಪೆ ಅಲ್ಲೇ ಬಿಟ್ಟು ಕೂತರು. ಸೂಲಗಿತ್ತಿ ಕೇಳಿಸಲಿಲ್ಲ ಅಂದಿದ್ದಾಳೆ, ತಾಯಿ ಕೇಳಿಸಿತು ಅಂದಿದ್ದಾಳೆ. ಆಸ್ತಿ ಪಾಲಿನ ಮಾತಾದರೆ ಬೇರೆ, ನಮಾಜಿನ ಮಟ್ಟಿಗೆ ತಾಯಿಯೊಬ್ಬಳ ಮಾತೇ ನಡೆಯುತ್ತದೆ ಅಂದರು. ನನಗೆ ಅಳು ಬಂತು.

"ಇನ್ನೊಂದು ಸಲ ಕೇಳಿ ಬಾ ಬೇಟಾ," ಅಂದರು. "ಒಪ್ಪಿಸೋಕೆ ಹೋಗ್ಬೇಡ. ಕೇಳು, ಅಷ್ಟೇ. ಅವಳು ಹೌದು ಅಂದ್ರೆ ನಾನು ನಿಂತು ನಮಾಜು ಮಾಡಿಸ್ತೀನಿ."

ನಾನು ಹೊರಟಾಗ ಸಮಾಧಾನಕ್ಕೆಂದು ಇನ್ನೊಂದು ಮಾತು ಹೇಳಿದರು. ನಮಾಜು ಸಿಗಲಿ ಬಿಡಲಿ, ಆ ಮಗುವಿಗೆ ಏನೂ ಕಮ್ಮಿ ಆಗುವುದಿಲ್ಲ. ತಾಯಿ ಸಬರ್ ಮಾಡಿ ನೋವು ತಾಳಿಕೊಂಡರೆ, ಸತ್ತವರೆಲ್ಲ ಏಳುವ ಕಯಾಮತ್ತಿನ ದಿನ ಅದು ತನ್ನ ಹೊಕ್ಕುಳಬಳ್ಳಿಯಿಂದ ಅವಳನ್ನು ಜನ್ನತ್ತಿಗೆ ಎಳೆದುಕೊಂಡು ಹೋಗುತ್ತದೆ. ಇದನ್ನು ಅವಳಿಗೆ ಹೇಳು ಅಂದರು. ಮಗುವಿನ ಕೊರಳಿಗೆ ಸುತ್ತಿದ್ದೂ ಅದೇ ಬಳ್ಳಿ ಎಂದು ನಾನು ಅವರಿಗೆ ಹೇಳಿರಲಿಲ್ಲ. ಆ ಬಳ್ಳಿಯನ್ನು ಮುದುಕಿ ಹಿತ್ತಲಲ್ಲಿ ಎಲ್ಲಿ ಹೂತಳೋ ಅದೂ ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅದೊಂದೇ ತಲೆಯಲ್ಲಿ. ಮನೆಯವರೆಗೆ ಹೋಗದೆ ಅರ್ಧ ದಾರಿಯಿಂದಲೇ ತಿರುಗಿ, ಅವಳು ಹೌದು ಅಂದಳು ಎಂದುಬಿಡಬಹುದಲ್ಲ ಎಂದೂ ಅನಿಸಿತು. ಆದರೂ ಮನೆಗೇ ಹೋದೆ.

ಅವಳು ಮಗುವನ್ನು ಪಕ್ಕಕ್ಕೆ ಮಲಗಿಸಿಕೊಂಡಿದ್ದಳು. ಮುಖದ ಮೇಲಿನ ಬಟ್ಟೆ ಸರಿಸಿದ್ದಳು. ಹಜರತ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ, ಬಳ್ಳಿಯ ಮಾತು ಒಂದು ಬಿಟ್ಟು.

"ನನ್ನ ಮಾತೊಂದೇ ಸಾಕಾ?"

"ಸಾಕು."

ಅಲ್ಲಿಯವರೆಗೆ ಅವಳು ಎಲ್ಲರ ಜೊತೆ ಜಗಳಕ್ಕೆ ನಿಂತವಳಂತೆ ಇದ್ದಳು. ಯಾರೂ ನಂಬದಿದ್ದಾಗ ಅವಳಿಗೆ ಖಾತ್ರಿಯಿತ್ತು. ಈಗ ನಂಬುವವರು ಸಿಕ್ಕಿದ್ದರು, ಖಾತ್ರಿ ಅವಳ ಕೈಯಿಂದ ಜಾರುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಅಲ್ಲಾಹನ ಮುಂದೆ ಜನರನ್ನು ನಮಾಜಿಗೆ ಸಾಲಾಗಿ ನಿಲ್ಲಿಸುವ ಮಾತು. ಅತ್ತೆ ಬಾಗಿಲಲ್ಲಿ ನಿಂತು, ಹೌದು ಅನ್ನೇ, ಹೌದು ಅಂದುಬಿಡೇ ಅಂದರು. ಮಧ್ಯಾಹ್ನದಿಂದ ಇಲ್ಲ ಎನ್ನುತ್ತಿದ್ದವರೇ.

ಅವಳು ಮಗುವಿನ ತುಟಿಯ ಮೇಲೆ ಬೆರಳಿಟ್ಟಳು. "ಒಂದು ದನಿ ಕೇಳಿಸಿತು. ಅದು ಅತ್ತಿದ್ದೋ, ನಾನೇ ಅತ್ತಿದ್ದೋ... ಹೌದು ಅಂತ ಹೇಗೆ ಹೇಳಲಿ?"

ಹೆಸರಿಟ್ಟವಳು ಅವಳೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಖಬರಸ್ತಾನಕ್ಕೆ ಮಗುವನ್ನು ನಾನೇ ಎತ್ತಿಕೊಂಡು ಹೋದೆ, ಹೆಣ ಹೊರುವ ಡೋಲಿ ಬೇಕಾಗಲಿಲ್ಲ. ಅವಳ ಉತ್ತರವನ್ನು ಹಜರತ್‌ಗೆ ಹೇಳಿದೆ. ಸಾಲು ನಿಲ್ಲಲಿಲ್ಲ. ಮಣ್ಣು ಮುಚ್ಚಿದ ಮೇಲೆ ಬರೀ ದುವಾ ಮಾಡಿದರು. ಬರುವಾಗ, ಮೂರು ದಿನದ ಒಳಗೆ ಅವಳಿಗೆ ಖಾತ್ರಿಯಾದರೆ ಬಾ, ಗೋರಿಯ ಮೇಲೆಯೇ ನಮಾಜು ಮಾಡಬಹುದು ಅಂದರು. ದಯೆಯಿಂದಲೇ ಹೇಳಿದ್ದು. ಆದರೆ ಆ ಮೂರು ದಿನ ನಮ್ಮ ಮನೆಯಲ್ಲಿ ಯಾರಿಗೂ ಅವಳ ಎದುರು ಕೂರಲಾಗಲಿಲ್ಲ. ಶನಿವಾರ ಬೆಳಿಗ್ಗೆ, ಅತ್ತಿತ್ತು, ಹೋಗಿ ಹೇಳಿ ಅಂದಳು. ನಾನು ಚಪ್ಪಲಿ ಮೆಟ್ಟುವುದರೊಳಗೆ, ತಡೀರಿ ಅಂದಳು. ಮಧ್ಯಾಹ್ನ ಮತ್ತೆ ಹಾಗೇ. ಭಾನುವಾರ ಎದೆಯಲ್ಲಿ ಹಾಲು ಬಂತು. ಅತ್ತೆ ಬಟ್ಟೆ ಬಿಗಿದು ಕಟ್ಟಿದರು. ಹೊಕ್ಕುಳಬಳ್ಳಿಯ ಮಾತನ್ನು ಆ ಹೊತ್ತಿನಲ್ಲಿ ಹೇಳಲೇಬೇಕಾಯಿತು. ಅವಳು ಕೇಳಿಸಿಕೊಂಡು, "ಅದು ನನ್ನನ್ನ ಹೇಗೆ ಗುರುತು ಹಿಡಿಯುತ್ತೆ?" ಅಂದಳು. "ನನ್ನ ಮುಖ ನೋಡಿಲ್ಲ, ತನ್ನ ಹೆಸರು ಕೇಳಿಲ್ಲ."

ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಬುರ್ಖಾ ಹಾಕಿಕೊಂಡು ಎದ್ದು ನಿಂತಳು. ಬಾಣಂತಿ ಹೊಸ್ತಿಲು ದಾಟಬಾರದು, ಹೆಂಗಸರು ಖಬರಸ್ತಾನಕ್ಕೆ ಹೋಗಬಾರದು ಎಂದು ಅತ್ತೆ ಬೈದರು. ಒಳಗೆ ಹೋಗಲ್ಲ, ಗೇಟಿನ ಹತ್ತಿರ ನಿಲ್ತೀನಿ ಅಂದಳು. ಆಟೋ ತಂದೆ. ಗೇಟಿನ ಕಂಬಿ ಹಿಡಿದು, ಯಾವುದು ಅಂತ ಕೇಳಿದಳು. ಬೇಲಿಯ ಪಕ್ಕದ ಹೊಸ ಮಣ್ಣನ್ನು ತೋರಿಸಿದೆ.

ಅವಳು ಮಗುವನ್ನು ಹೆಸರು ಹಿಡಿದು ಕರೆದಳು. ಆಟದಿಂದ ಮಕ್ಕಳನ್ನು ಊಟಕ್ಕೆ ಕರೆಯುವ ಹಾಗೆ, ಜೋರಾಗಿ, ಬಿಡದೆ. ಗುಂಡಿ ತೋಡುವವನು ಗುದ್ದಲಿ ಊರಿ ಈ ಕಡೆ ನೋಡಿದ. ದನಿ ಒಡೆಯುವವರೆಗೂ ಕರೆದಳು. ಆಮೇಲೆ ತಲೆಯ ಮೇಲಿನ ಬಟ್ಟೆಯನ್ನು ಕಿವಿಯಿಂದ ಸರಿಸಿ ಸುಮ್ಮನೆ ನಿಂತಳು. ನಾನೂ ಉಸಿರು ಬಿಗಿಹಿಡಿದೆ.

"ಹಜರತ್‌ಗೆ ಹೇಳಿಬಿಡಿ," ಅಂದಳು ಕೊನೆಗೆ. "ನನಗೆ ಗೊತ್ತಿಲ್ಲ ಅಂತ."