ವಾಸನೆ ಬರುವ ಡಬ್ಬಿ

ಮೊನ್ನೆ ಅಡುಗೆಮನೆಯ ಅಟ್ಟ ಸ್ವಚ್ಛ ಮಾಡುವಾಗ ಮಗಳ ಹಳೆಯ ಊಟದ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಎಷ್ಟು ಸಲ ತಿಕ್ಕಿದ್ದೇವೋ, ಎಷ್ಟು ಸಲ ಬಿಸಿಲಿಗಿಟ್ಟಿದ್ದೇವೋ, ಆದರೂ ಮುಚ್ಚಳದೊಳಗಿನ ರಬ್ಬರಿನಲ್ಲಿ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೂಡಿಸಿ ಕುಟ್ಟಿದ ಹಿಂಡಿಯ ವಾಸನೆ ಹಾಗೇ ಉಳಿದಿತ್ತು. ನನಗದು ಪರಿಮಳ. ಅದಕ್ಕೆ ಮೂಗು ಮುಚ್ಚಿಕೊಂಡವರಿದ್ದರು. ಅವರ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ ಎಂದು ಗೊತ್ತಾದದ್ದು ಅಟ್ಟದ ಧೂಳಿನಲ್ಲಿ ನಿಂತು ಸೀನುತ್ತಿದ್ದಾಗ.

ನಮ್ಮ ಮನೆಯ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಗಿರಿಜಾ ಬಸ್ ಕಂಡಕ್ಟರ್. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಮೊದಲ ಬಸ್ಸು ಅವಳದು. ನಾನು ಎದ್ದು ಆಕಳಿಸುವ ಹೊತ್ತಿಗೆ ಅವಳು ದೇಸೂರು ದಾಟಿರುತ್ತಾಳೆ. ನಾನು ಖಾಸಗಿ ಕಚೇರಿಯೊಂದರ ಗುಮಾಸ್ತ, ನನ್ನ ಕೆಲಸಕ್ಕೆ ಅಷ್ಟು ಅವಸರವಿಲ್ಲ. ಆದ್ದರಿಂದ ಮಗಳು ನೀಲಾಳ ಡಬ್ಬಿ ನನ್ನ ಪಾಲಿಗೆ ಬಂತು. ಖಡಕ್ ರೊಟ್ಟಿ, ಹಿಂಡಿ ಖಾನಾಪುರದ ಅತ್ತೆಯ ಮನೆಯಿಂದ ಗಿರಿಜಾಳ ಬಸ್ಸಿನಲ್ಲೇ ಬರುತ್ತಿದ್ದವು. ಮಡಕಿಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಪಲ್ಯ ಮಾಡುವುದನ್ನು ನಾನೇ ಕಲಿತೆ. ಮೊಳಕೆ ಉದ್ದ ಬಂದ ದಿನ ಓಣಿಯವರನ್ನೆಲ್ಲ ಕರೆದು ತೋರಿಸುವುದೊಂದು ಬಾಕಿ ಇರುತ್ತಿತ್ತು.

ನೀಲಾ ಆಗ ನಾಲ್ಕನೆಯ ತರಗತಿ. ಅವಳ ತರಗತಿಯ ತಾಯಂದಿರದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಗಂಡಸು ನಾನೊಬ್ಬನೇ. ಬೆಳಗಾಯಿತೆಂದರೆ ಅಲ್ಲಿ ಡಬ್ಬಿಗಳ ಫೋಟೋಗಳ ಮೆರವಣಿಗೆ. ಗಜ್ಜರಿ ನಕ್ಷತ್ರವಾಗಿರುತ್ತಿತ್ತು, ಇಡ್ಲಿಗೆ ಕಣ್ಣು ಮೂಗು ಮೂಡಿರುತ್ತಿದ್ದವು. ನಾನೂ ಹುರುಪಿನಿಂದ ಒಂದು ದಿನ ಸೌತೆಕಾಯಿಯಲ್ಲಿ ಚಿಟ್ಟೆ ಕೆತ್ತಿದೆ. ನೀಲಾ ಅದನ್ನು ಬಹಳ ಹೊತ್ತು ನೋಡಿ, "ಪಪ್ಪಾ, ಇದು ಜಿರಳಿ ಏನು?" ಎಂದಳು. ಅಲ್ಲಿಗೆ ನನ್ನ ಕಲಾಸೇವೆ ಮುಗಿಯಿತು.

ಆ ವರ್ಷ ನೀಲಾಳ ತರಗತಿಗೆ ಹೊಸ ಟೀಚರ್ ಬಂದರು. ಇನ್ನುಮುಂದೆ ಮಕ್ಕಳ ಡಬ್ಬಿಯಲ್ಲಿ ಆರೋಗ್ಯಕರ ತಿಂಡಿ ಮಾತ್ರ ಇರಬೇಕು, ಚಿಪ್ಸು ಕುರುಕುರು ಯಾವುದೂ ಬೇಡ ಎಂದು ಗುಂಪಿನಲ್ಲಿ ಬರೆದರು. ಓದಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈ ಮುಗಿಯುವ ಚಿತ್ರವನ್ನು ಮೂರು ಸಲ ಕಳಿಸಿದೆ. ಕಡೆಗೂ ನಮ್ಮ ಕಾಲ ಬಂತು! ಮರುದಿನ ರೊಟ್ಟಿ, ಮಡಕಿಕಾಳಿನ ಪಲ್ಯ, ಮೊಸರಿನಲ್ಲಿ ಕಲಸಿದ ಹಿಂಡಿ ತುಂಬಿ ಕಳಿಸಿ, ಕಚೇರಿಯಲ್ಲಿ ಎಲ್ಲರಿಗೂ ಈ ಸುದ್ದಿ ಹೇಳಿದೆ.

ಸಂಜೆ ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂತು.

"ಟೀಚರ್ ಮುಚ್ಚಳ ಹಾಕಿದ್ರು ಪಪ್ಪಾ. ಇದು ಹೆಲ್ದಿ ಸ್ನ್ಯಾಕ್ ಅಲ್ಲಂತ, ವಾಸನಿ ಬರ್ತದಂತ."

"ಮತ್ತ ಹೆಲ್ದಿ ಅಂದ್ರ ಯಾವುದಂತ?"

"ಬ್ರೌನ್ ಬ್ರೆಡ್ಡಿಗೆ ಜಾಮ್ ಹಚ್ಕೊಂಡು ಬಂದಿದ್ರಲ್ಲ, ಅವರಿಗೆ ಚಪ್ಪಾಳಿ ಹೊಡಿಸಿದ್ರು."

ಹೇಳಿ, ನಿಮಗೆ ಸಿಟ್ಟು ಬರುತ್ತಿರಲಿಲ್ಲವೇ? ನನ್ನ ಮೈಯೆಲ್ಲ ಉರಿಯಿತು. ಹಠಕ್ಕೆ ಬಿದ್ದು ಮರುದಿನವೂ ಅದನ್ನೇ ಕಳಿಸಿದೆ. ಅದರ ಮರುದಿನ ಹಿಂಡಿಗೆ ಇನ್ನೆರಡು ಎಸಳು ಬೆಳ್ಳುಳ್ಳಿ ಹೆಚ್ಚಿಗೆ ಕುಟ್ಟಿ ಹಾಕಿದೆ. ಡಬ್ಬಿ ಈಗ ಖಾಲಿಯಾಗಿ ಬರತೊಡಗಿತು. ಗೆದ್ದೆ ಎಂದುಕೊಂಡೆ.

ಒಂದು ಸಂಜೆ ನೀಲಾ ಬೂಟು ಬಿಚ್ಚುತ್ತ, ತಲೆ ಎತ್ತದೆ ಕೇಳಿದಳು:

"ಪಪ್ಪಾ, ನಾಳಿ ಬ್ರೆಡ್ ಕೊಡ್ತೀಯಾ?"

"ಯಾಕವ್ವಾ, ರೊಟ್ಟಿ ಬ್ಯಾಸರಾತೇನು?"

"ಇಲ್ಲ. ಬ್ರೆಡ್ ತಂದ್ರ ಒಳಗ ಕುಂದ್ರಸ್ತಾರ."

ಮಧ್ಯಾಹ್ನದ ಬಿಡುವಿನಲ್ಲಿ ಅವಳೊಬ್ಬಳನ್ನೇ ವರಾಂಡದಲ್ಲಿ, ಕೈ ತೊಳೆಯುವ ನಲ್ಲಿಯ ಹತ್ತಿರ ಕೂರಿಸುತ್ತಿದ್ದರಂತೆ. ಉಳಿದ ಮಕ್ಕಳಿಗೆ ವಾಸನೆಯಿಂದ ತೊಂದರೆಯಾಗಬಾರದಲ್ಲ! ಯುದ್ಧ ಸಾರಿದವನು ನಾನು, ನೆಲದ ಮೇಲೆ ಕುಳಿತವಳು ಒಂಬತ್ತು ವರ್ಷದ ಹುಡುಗಿ.

ಗಿರಿಜಾ ಕೆಲಸ ಮುಗಿಸಿ ಬಂದಾಗ ನಾನು ಕುದಿಯುತ್ತಿದ್ದೆ. ನಾಳೆ ಶಾಲೆಗೆ ಹೋಗುತ್ತೇನೆ, ಮಾತಾಡುತ್ತೇನೆ, ಬಿಡುವುದಿಲ್ಲ ಎಂದೆ. ಅವಳು ಖಾಕಿ ಅಂಗಿಯ ತೋಳು ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡು, ಮಗಳನ್ನು ಹತ್ತಿರ ಕರೆದಳು.

"ನೀಲಾ, ಖರೇ ಹೇಳು. ನಿನಗ ಬ್ರೆಡ್ ತಿನ್ನಬೇಕನಸೇದೋ, ಒಳಗ ಕುಂದ್ರಬೇಕನಸೇದೋ?"

ನೀಲಾ ಯೋಚಿಸಿದಳು. ಅವಳನ್ನು ಈ ಪ್ರಶ್ನೆ ಕೇಳಬೇಕೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಒಳಗ ಕುಂದ್ರಬೇಕು," ಎಂದಳು. ಆಮೇಲೆ, "ರೊಟ್ಟಿನೂ ಬೇಕು."

"ಹಂಗಾದ್ರ ರೊಟ್ಟಿನೇ ಒಯ್ಯಿ," ಎಂದು ಗಿರಿಜಾ ಮುಖ ತೊಳೆಯಲು ಎದ್ದಳು.

ಮರುದಿನ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೊರಟೆ. ಇಂಗ್ಲಿಷಿನಲ್ಲಿ ಮಾತಾಡಿದರೆ ತೂಕ ಹೆಚ್ಚೆಂದು, ನಾಲ್ಕು ವಾಕ್ಯಗಳನ್ನು ಸ್ಕೂಟರಿನ ಕನ್ನಡಿಯೆದುರು ಅಭ್ಯಾಸ ಮಾಡಿಕೊಂಡಿದ್ದೆ. ವರಾಂಡಕ್ಕೆ ಕಾಲಿಟ್ಟವನು ಅಲ್ಲೇ ನಿಂತೆ. ನಲ್ಲಿಯ ಹತ್ತಿರ ಖಾಕಿ ಬಟ್ಟೆಯಲ್ಲಿ ಗಿರಿಜಾ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಬಾಜೂಕ್ಕೆ ನೀಲಾ. ಖಾನಾಪುರದ ಟ್ರಿಪ್ ಮುಗಿಸಿದವಳು ತನ್ನ ಊಟದ ಬಿಡುವಿನಲ್ಲಿ ನೆಟ್ಟಗೆ ಇಲ್ಲಿಗೇ ಬಂದಿದ್ದಳು. ತನ್ನ ಡಬ್ಬಿಯನ್ನೂ ಬಿಚ್ಚಿಕೊಂಡು ರೊಟ್ಟಿ ಮುರಿಯುತ್ತಿದ್ದಳು. ಅದರಲ್ಲಿದ್ದುದೂ ಅದೇ ರೊಟ್ಟಿ, ಅದೇ ಹಿಂಡಿ.

ಟೀಚರ್ ಗಾಬರಿಯಾಗಿ ನಿಂತಿದ್ದರು. "ಮೇಡಂ, ನೀವು ಹಿಂಗ ಇಲ್ಲಿ ಕುಂದ್ರಬಾರದ್ರಿ."

"ಯಾಕ್ರೀ? ನನ್ನ ಮಗಳು ಕುಂತಾಳಲ್ರಿ?"

"ಅದು ಹಂಗಲ್ರಿ, ಬಾಕಿ ಮಕ್ಕಳಿಗೆ ವಾಸನಿ ಆಗ್ತದ..."

"ನನ್ನ ಬಸ್ಸಿನ್ಯಾಗ ಮೀನಿನ ಬುಟ್ಟಿ ಬರ್ತಾವ್ರಿ, ಹಲಸಿನಹಣ್ಣು ಬರ್ತಾವು, ತ್ವಾಟದಾಗ ದುಡದು ಬೆವತವರು ಬರ್ತಾರ. ವಾಸನಿ ಬರ್ತದಂತ ನಾ ಯಾರನ್ನೂ ಇಳಿಸಿಲ್ರಿ." ಗಿರಿಜಾ ದನಿ ಏರಿಸಲಿಲ್ಲ. ಬಸ್ಸಿನಲ್ಲಿ ಎದ್ದು ಜಾಗ ಕೊಡಿ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು. "ನೀವು ಹಾಜರಿ ಒಳಗ ಹಾಕ್ತೀರಿ, ಊಟಕ್ಕ ಹೊರಗ ಹಾಕ್ತೀರಿ. ಇಕಿ ಒಳಗ ಉಣ್ಣೂತನಕ ನಾ ದಿನಾ ಬಂದು ಇಲ್ಲೇ ಉಣ್ತೀನ್ರಿ. ನೀವೂ ಬರ್ರಿ, ಕುಂದರ್ರಿ. ರೊಟ್ಟಿ ಭಾಳ ಅದಾವು."

ನನ್ನ ನಾಲ್ಕು ಇಂಗ್ಲಿಷ್ ವಾಕ್ಯಗಳು ಬಾಯಲ್ಲೇ ಉಳಿದವು. ಏನು ಮಾಡಬೇಕೆಂದು ತಿಳಿಯದೆ ನಾನೂ ಹೋಗಿ ಕುಳಿತೆ. ಪ್ಯಾಂಟಿಗೆ ಧೂಳಾದೀತೆಂದು ಕೆಳಗೆ ಕರವಸ್ತ್ರ ಹಾಸಿಕೊಂಡೆ. ಗಿರಿಜಾ ಅದನ್ನು ನೆನೆದು ಈಗಲೂ ನಗುತ್ತಾಳೆ. ನೀಲಾ ಮೊದಲು ನಾಚಿ ತಲೆ ತಗ್ಗಿಸಿದ್ದಳು. ಅವ್ವ ಕೊಟ್ಟ ತುತ್ತು ಬಾಯಿಗೆ ಹೋದಮೇಲೆ ನಿಧಾನಕ್ಕೆ ತಲೆ ಎತ್ತಿದಳು. ಬಾಗಿಲಲ್ಲಿ ಮಕ್ಕಳು ಗುಂಪುಗೂಡಿದ್ದರು. ಅವರಿಗೆ ವಾಸನೆಯ ಚಿಂತೆಯೇ ಇರಲಿಲ್ಲ. "ಆಂಟಿ, ಒಂದ್ ಸಲ ರೈಟ್ ರೈಟ್ ಅನ್ರಿ," ಎಂದು ಒಬ್ಬ ಹುಡುಗಿ ಕೇಳಿದಳು. ಗಿರಿಜಾ ಬಾಯೊಳಗಿನ ತುತ್ತು ನುಂಗಿ ಎಂಥ "ರೈಟ್ ರೈಟ್!" ಕೂಗಿದಳೆಂದರೆ, ಮುಖ್ಯ ಗುರುಗಳು ಕೋಣೆ ಬಿಟ್ಟು ಓಡಿ ಬಂದರು.

ಮುಖ್ಯ ಗುರುಗಳು ಸಮಾಧಾನದ ಮನುಷ್ಯ. ನಮ್ಮ ಮೂವರನ್ನು ನೋಡಿದರು, ನಲ್ಲಿಯನ್ನು ನೋಡಿದರು, ಆಮೇಲೆ ಟೀಚರ್ ಕಡೆ ತಿರುಗಿ, "ಹುಡುಗಿ ದಿನಾ ಇಲ್ಲೇ ಕುಂದರ್ತಿತ್ತೇನ್ರಿ?" ಎಂದು ಕೇಳಿದರು. ನೀಲಾಳತ್ತ ಬಗ್ಗಿ, "ಎದ್ದು ಒಳಗ ನಡಿಯವ್ವಾ," ಎಂದರು. ನೀಲಾ ಅವ್ವನ ಮುಖ ನೋಡಿ, ಡಬ್ಬಿ ಎತ್ತಿಕೊಂಡು, ಮುಚ್ಚಳ ಹಾಕದೆಯೇ ಒಳಗೆ ಹೋದಳು. ಅಂದಿನಿಂದ ಆ ತರಗತಿಯ ಯಾವ ಮಗುವೂ ಹೊರಗೆ ಕುಳಿತು ಉಣ್ಣಲಿಲ್ಲ. ಕ್ಷಮೆಯನ್ನು ಯಾರೂ ಕೇಳಲಿಲ್ಲ, ಕೇಳಿರೆಂದು ನಾವೂ ಒತ್ತಾಯಿಸಲಿಲ್ಲ. ಟೀಚರ್ ವರ್ಷವಿಡೀ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು. ನಾನು ಮಾತ್ರ ಬೇಕೆಂದೇ ಎದುರಿಗೆ ಹೋಗಿ ನಮಸ್ಕಾರ ಮಾಡುತ್ತಿದ್ದೆ.

ನೀಲಾ ಈಗ ಕಾಲೇಜು ಸೇರಿದ್ದಾಳೆ. ಡಬ್ಬಿ ತಾನೇ ಕಟ್ಟಿಕೊಳ್ಳುತ್ತಾಳೆ, ನಾನು ಬಾಜೂಕ್ಕೆ ನಿಂತು ಸಲಹೆ ಕೊಡುವ ನಿರುದ್ಯೋಗಿ. ಇಂದು ಬೆಳಿಗ್ಗೆ ಅವಳು ಹಿಂಡಿ ಸುರುವಿಕೊಳ್ಳುವುದನ್ನು ನೋಡಿ ತಡೆಯಲಾರದೆ ಕೇಳಿದೆ:

"ಹೊಸಾ ಕಾಲೇಜು ಅದವ್ವಾ. ಯಾರರ ಏನರ ಅಂದ್ರ?"

"ಅನ್ನಾವ್ರು ಹತ್ರ ಬಂದೇ ಅನ್ಬೇಕಲ್ಲ ಪಪ್ಪಾ," ಎಂದಳು ನೀಲಾ, ಡಬ್ಬಿಯನ್ನು ನನ್ನ ಮುಂದೆ ಸರಿಸಿ. "ಇನ್ನೆರಡು ರೊಟ್ಟಿ ಹಾಕು. ಅವರಿಗೂ ಬೇಕಾಗ್ತಾವು."

ನಾನು ಮೂರು ಹಾಕಿದೆ.