ಒಂದು ಗುಂಡಿ, ಎರಡು ಸಸಿ

ನಾನು ಸಾಲಿಗ್ರಾಮಕ್ಕೆ ಸೊಸೆಯಾಗಿ ಬಂದ ವರ್ಷದ ಮುಂಗಾರಿನ ಮಾತು. ಹಿತ್ತಲಲ್ಲಿ ಒಂದೇ ಮರಕ್ಕೆ ಜಾಗವಿತ್ತು. ನನ್ನ ಗಂಡನ ಅಣ್ಣನಿಗೆ ದೇವರ ಪೂಜೆಗೆ ಸಂಪಿಗೆ ಬೇಕಿತ್ತು, ಗಂಡನಿಗೆ ಹಲಸು. ಇವರು ಗುಂಡಿ ತೋಡಿ ಹಲಸಿನ ಸಸಿ ನೆಟ್ಟು, ನೀರು ತರಲು ಹೋದರು. ಬರುವಷ್ಟರಲ್ಲಿ ಭಾವ ಅದನ್ನು ಕಿತ್ತೆಸೆದು ಸಂಪಿಗೆ ಇಳಿಸುತ್ತಿದ್ದರು.

"ಹೂವ ತಿಂದ್ಕೊಂಡು ಬದುಕ್ತೀಯೇನಣ್ಣ?" ಎಂದರು ಇವರು.

"ದೇವರಿಗಿಂತ ನಿನ್ನ ಹೊಟ್ಟೆ ದೊಡ್ಡದೇನ್ಲಾ?" ಎಂದು ಭಾವ ಕೆನ್ನೆಗೆ ಹೊಡೆದರು.

ಇವರು ಗುದ್ದಲಿ ಬೀಸಿದರು. ಅದರ ಮರದ ಹಿಡಿ ಬಡಿದು ಭಾವನ ಎರಡು ಹಲ್ಲು ಮಣ್ಣಿಗೆ ಉದುರಿದವು. ಭಾವ ರಕ್ತ ಉಗುಳುತ್ತಲೇ ಇವರ ಕತ್ತು ಹಿಡಿದು ಗುಂಡಿಗೆ ಕೆಡವಿದರು. ಬಿಡಿಸಲು ಹೋದ ನನ್ನ ಬೆರಳು ಯಾರ ಕೈಯಲ್ಲಿ ಮುರಿಯಿತೋ ತಿಳಿಯದು. ನನ್ನ ಕಿರುಚಾಟಕ್ಕೆ ಇಬ್ಬರೂ ನಿಂತರು.

ಅತ್ತೆ ಮಚ್ಚು ತಂದು ಎರಡೂ ಸಸಿಗಳನ್ನು ಕೊಚ್ಚಿದರು. "ಏನು ನೆಡಬೇಕು ಅಂತ ಈಗ ಇವಳೇ ಹೇಳ್ಲಿ, ಬುಡ್ರಲಾ!" ಎಂದರು.

ನನಗೆ ಹಲಸೆಂದರೆ ಪ್ರಾಣ. ಆದರೂ "ಸಂಪಿಗೆ" ಎಂದೆ. ಹಲ್ಲು ಉದುರಿಸಿ ಗೆದ್ದ ಹಣ್ಣು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಭಾವ ಹೊಸ ಸಸಿ ತಂದು ನೆಟ್ಟರು. ನನ್ನ ಗಂಡ ದೀಪಾವಳಿಯವರೆಗೂ ನನ್ನೊಡನೆ ಮಾತಾಡಲಿಲ್ಲ.